ಒಂದೂ ಅರ್ಜಿ ಬಾರದ ಬೇಸಿಗೆ: ಓಪನ್ ಸೋರ್ಸ್‌ಗೆ ಮಹಿಳೆಯರು ಬಂದ ದಾರಿ

‘ಓಪನ್ ಸೋರ್ಸ್’ ಎಂದರೆ ಒಳಗಿನ ಕೋಡ್ ಎಲ್ಲರಿಗೂ ತೆರೆದಿರುವ, ಯಾರು ಬೇಕಾದರೂ ಓದಿ ತಿದ್ದಬಹುದಾದ ತಂತ್ರಾಂಶ. ಆ ಹೆಸರು ಮೊದಲು ಹೊಳೆದದ್ದು ಒಬ್ಬ ಮಹಿಳೆಗೆ. 1998ರ ಫೆಬ್ರುವರಿಯಲ್ಲಿ ಇಂಥ ತಂತ್ರಾಂಶದ ಬಗ್ಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ಸಣ್ಣದೊಂದು ಸಭೆಗೆ ಕ್ರಿಸ್ಟೀನ್ ಪೀಟರ್ಸನ್ ಈ ಪದವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬಂದಿದ್ದರು. ಆದರೆ ತಾವು ಆ ಬಳಗದ ಮುಂದಾಳುಗಳಲ್ಲಿ ಒಬ್ಬರಲ್ಲ, ಹೊಸ ಹೆಸರನ್ನು ಸೂಚಿಸುವುದು ಹೇಗೆ ಎಂದು ಸುಮ್ಮನೆ ಕುಳಿತರು. ಜೊತೆಗಿದ್ದ ಸ್ನೇಹಿತರೊಬ್ಬರು ಬೇರೆ ಯಾವುದೋ ವಿಷಯ ಮಾತನಾಡುತ್ತಾ ಆ ಪದವನ್ನು ನಡುವೆ ಸೇರಿಸಿದರು. ಮೊದಲಿಗೆ ಯಾರೂ ಗಮನಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಬ್ಬರ ಬಾಯಲ್ಲಿ ಅದೇ ಪದ ಬಂತು, ಆಮೇಲೆ ಅದೇ ನಿಂತಿತು. ಇಪ್ಪತ್ತು ವರ್ಷಗಳ ನಂತರ ಪೀಟರ್ಸನ್ ಅವರೇ ಈ ಪ್ರಸಂಗದ ಬರಹವನ್ನು ಪ್ರಕಟಿಸಿದರು.

ಓಪನ್ ಸೋರ್ಸ್‌ನಲ್ಲಿ ಮಹಿಳೆಯರ ಭಾಗವಹಿಸುವಿಕೆ ಎಂದೊಡನೆ ಇಂದು ಪ್ರತಿಭೆ, ಮೀಸಲು, ನೀತಿ ಸಂಹಿತೆ, ಅನುದಾನ ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡು ಬರುತ್ತವೆ. ಎಳೆಗಳನ್ನು ಬಿಡಿಸುವಾಗ ನನಗೆ ಮತ್ತೆ ಮತ್ತೆ ನೆನಪಾಗುವುದು ಆ ಸಭೆಯ ಹಿಂಜರಿಕೆ. ಹೇಳಲು ಮಾತಿದ್ದರೂ ಹೇಳುವ ಹಕ್ಕು ತನಗಿದೆ ಎಂದು ಅನ್ನಿಸದಿರುವುದು.

1946ರಲ್ಲಿ ಜಗತ್ತಿಗೆ ಪರಿಚಯವಾದ ಎನಿಯಾಕ್ ಎಂಬ ಆರಂಭದ ಕಂಪ್ಯೂಟರ್‌ಗೆ ಪ್ರೋಗ್ರಾಂ ಬರೆದವರು ಆರು ಮಂದಿ ಮಹಿಳೆಯರು. 1983ರಲ್ಲಿ ಎಲ್ಲರಿಗೂ ತೆರೆದ ತಂತ್ರಾಂಶ ಕಟ್ಟುವ ಗ್ನೂ ಯೋಜನೆಯ ಘೋಷಣೆಯಾಗಿ 1991ರಲ್ಲಿ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ ಲಿನಕ್ಸ್ ಬರುವ ಹೊತ್ತಿಗೆ ಆ ಪೀಳಿಗೆಯ ನೆನಪೇ ಮಾಸಿತ್ತು. ಹೊಸ ಲೋಕ ಕಟ್ಟಿಕೊಂಡ ನಿಯಮ ಸರಳವಾಗಿತ್ತು: ಯಾರು ಬೇಕಾದರೂ ಬರಬಹುದು, ಕೋಡ್ ಚೆನ್ನಾಗಿದ್ದರೆ ಸಾಕು. ಬಾಗಿಲಿಗೆ ಬೀಗವಿರಲಿಲ್ಲ ಎಂಬುದು ನಿಜ. ಆದರೆ 2006ರಲ್ಲಿ ಯುರೋಪಿಯನ್ ಆಯೋಗದ ನೆರವಿನಿಂದ ನಡೆದ ಅಧ್ಯಯನವೊಂದು ಒಳಗಿದ್ದವರನ್ನು ಎಣಿಸಿದಾಗ ಮಹಿಳೆಯರು ಕಂಡದ್ದು ಸುಮಾರು ಶೇ 1.5. ಕಂಪನಿಗಳ ಒಡೆತನದ ತಂತ್ರಾಂಶ ಕ್ಷೇತ್ರದಲ್ಲಿ ಅದೇ ಪ್ರಮಾಣ ಸುಮಾರು ಶೇ 28 ಇತ್ತು.

ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಕೆಲಸವೂ ಅದೇ, ಬೇಕಾದ ಕೌಶಲವೂ ಅದೇ. ಹೆಣ್ಣುಮಕ್ಕಳಿಗೆ ಪ್ರೋಗ್ರಾಮಿಂಗ್‌ನಲ್ಲಿ ಆಸಕ್ತಿಯಿಲ್ಲ ಎಂಬ ಹಳೆಯ ಮಾತು ಈ ಅಂತರದ ಮುಂದೆ ನಿಲ್ಲುವುದಿಲ್ಲ. ಸಂಬಳವಿದ್ದ ಕಡೆ ಮಹಿಳೆಯರು ಕೆಲಸ ಮಾಡುತ್ತಿದ್ದರು. ಸಂಬಳವಿಲ್ಲದ ಕಡೆ ಕೇಳುತ್ತಿದ್ದದ್ದು ಬಿಡುವನ್ನು, ರಾತ್ರಿ ಮತ್ತು ವಾರಾಂತ್ಯದ ಬಿಡುವನ್ನು. ಮನೆಯ ಕೆಲಸ ಯಾರ ಪಾಲಿಗಿದೆಯೋ ಅವರಲ್ಲಿ ಆ ಬಿಡುವು ಉಳಿದಿರುವುದಿಲ್ಲ. ಸ್ವಯಂಸೇವೆ ಎಂಬ ಒಳ್ಳೆಯ ಪದದ ಒಳಗೆ ಒಂದು ಪ್ರವೇಶ ಶುಲ್ಕ ಅಡಗಿತ್ತು, ಮತ್ತು ಅದು ಎಲ್ಲರಿಗೂ ಒಂದೇ ಆಗಿರಲಿಲ್ಲ.

ಮೊದಲ ಉತ್ತರಗಳು ಮಹಿಳೆಯರಿಂದಲೇ ಬಂದವು. 1999ರಲ್ಲಿ ಹುಟ್ಟಿದ ಲಿನಕ್ಸ್‌ಚಿಕ್ಸ್ ಬಳಗಕ್ಕೆ ಇದ್ದದ್ದು ಎರಡೇ ನಿಯಮ: ಸೌಜನ್ಯದಿಂದಿರಿ, ನೆರವಾಗಿ. ಇಷ್ಟನ್ನೂ ನಿಯಮವಾಗಿ ಬರೆದಿಡಬೇಕಾಗಿತ್ತೆಂದರೆ ಹೊರಗಿನ ವಾತಾವರಣ ಹೇಗಿತ್ತೆಂದು ಊಹಿಸಬಹುದು. 2002ರಲ್ಲಿ ಇದೇ ವಿಷಯದ ಮೇಲೆ ಒಂದು ಕೈಪಿಡಿ ಬಂತು. ಹೆಣ್ಣು ಕಂಡೊಡನೆ ಕುತೂಹಲದಿಂದ ದಿಟ್ಟಿಸಬೇಡಿ, ಕಲಿಸುವಾಗ ಕೀಬೋರ್ಡ್ ಅನ್ನು ಅವಳ ಕೈಯಿಂದ ಕಿತ್ತುಕೊಳ್ಳಬೇಡಿ ಎಂಬಂಥ ಸಣ್ಣ ಸಣ್ಣ ಮಾತುಗಳು ಅದರಲ್ಲಿದ್ದವು. 2004ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ಬಳಗದಲ್ಲಿ ಡೆಬಿಯನ್ ವಿಮೆನ್ ಬಂತು. ಇವೆಲ್ಲ ದೊಡ್ಡ ಮನೆಯ ಪಕ್ಕದಲ್ಲಿ ಕಟ್ಟಿಕೊಂಡ ಚಿಕ್ಕ ಕೋಣೆಗಳು. ದೊಡ್ಡ ಮನೆ ಇನ್ನೂ ಹಾಗೆಯೇ ಇತ್ತು.

ಆ ಮನೆ ತನ್ನನ್ನು ತಾನು ನೋಡಿಕೊಂಡದ್ದು 2006ರ ಬೇಸಿಗೆಯಲ್ಲಿ. ವಿದ್ಯಾರ್ಥಿಗಳಿಗೆ ಹಣ ಕೊಟ್ಟು ಓಪನ್ ಸೋರ್ಸ್ ಕೆಲಸ ಮಾಡಿಸುವ ಗೂಗಲ್ ಕಾರ್ಯಕ್ರಮದ ಮೂಲಕ, ಲಿನಕ್ಸ್ ಬಳಸುವವರಿಗೆ ಪರದೆಯ ಮೇಲಿನ ಕಿಟಕಿ, ಮೆನುಗಳನ್ನು ಒದಗಿಸುವ ಗ್ನೋಮ್ ಯೋಜನೆಗೆ 181 ಅರ್ಜಿಗಳು ಬಂದವು. ಮಹಿಳೆಯರ ಅರ್ಜಿ ಒಂದೂ ಇರಲಿಲ್ಲ. ಗ್ನೋಮ್‌ನ ಕೆಲವರು ಇದನ್ನು ಕಂಡು ಸುಮ್ಮನಾಗಲಿಲ್ಲ. ಇದ್ದ ಹಣದಲ್ಲಿ ಮೂವರಿಗೆ ಸಹಾಯಧನವೆಂದು ಲೆಕ್ಕ ಹಾಕಿ, ಮಹಿಳೆಯರಿಗಾಗಿಯೇ ಒಂದು ಬೇಸಿಗೆ ಕಾರ್ಯಕ್ರಮವನ್ನು ಪ್ರಕಟಿಸಿದರು. ಬಂದ ಅರ್ಜಿಗಳು ಸುಮಾರು ನೂರು! ಗೂಗಲ್ ಕೂಡ ಹಣ ಸೇರಿಸಿದ್ದರಿಂದ ಆರು ಮಂದಿಗೆ ಅವಕಾಶ ಸಿಕ್ಕಿತು. ಅದೇ ವರ್ಷ, ಅದೇ ಯೋಜನೆ, ಅದೇ ಬಗೆಯ ಕೆಲಸ. ಬದಲಾದದ್ದು ‘ನಿಮ್ಮನ್ನೇ ಕರೆಯುತ್ತಿದ್ದೇವೆ’ ಎಂಬ ಒಂದು ಮಾತು ಮಾತ್ರ.

ಮುಂದಿನ ಮೂರು ವರ್ಷ ಆ ಪ್ರಯತ್ನ ಮುಂದುವರಿಯಲಿಲ್ಲ. 2010ರಲ್ಲಿ ಗ್ನೋಮ್ ಬಳಗದ ಮರೀನಾ ಝುರಾಖಿನ್ಸ್ಕಾಯಾ ಅದಕ್ಕೆ ಮತ್ತೆ ಜೀವ ಕೊಟ್ಟರು. ಮೂರು ತಿಂಗಳ ಕೆಲಸಕ್ಕೆ ಸಂಭಾವನೆ, ಪ್ರತಿಯೊಬ್ಬರಿಗೂ ಹೆಸರು ಹಿಡಿದು ಗೊತ್ತುಮಾಡಿದ ಮಾರ್ಗದರ್ಶಕರು, ಅರ್ಜಿಯ ಹಂತದಲ್ಲೇ ಅರ್ಜಿದಾರರಿಂದ ಯೋಜನೆಗೆ ಒಂದು ಚಿಕ್ಕ ಕೊಡುಗೆ. ಈ ಕೊನೆಯದೇ ಅದರ ಜೀವಾಳ ಎಂದು ನನ್ನ ನಂಬಿಕೆ. ಪ್ರಮಾಣಪತ್ರ ನೋಡಿ ಆರಿಸುವ ಬದಲು, ಎಲ್ಲರನ್ನೂ ಹೊಸ್ತಿಲು ದಾಟಿಸಿ ಆಮೇಲೆ ಆರಿಸುತ್ತಿದ್ದರು.

2013ರಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಯೋಜನೆ ಈ ಕಾರ್ಯಕ್ರಮಕ್ಕೆ ಸೇರಿದಾಗ ಹೊಸ್ತಿಲು ಎಷ್ಟು ಎತ್ತರವಿತ್ತೆಂಬುದು ಸ್ಪಷ್ಟವಾಗಿ ಕಂಡಿತು. ಅಲ್ಲಿ ಪ್ಯಾಚ್, ಅಂದರೆ ಕೋಡ್‌ನ ತಿದ್ದುಪಡಿ, ಕಳಿಸುವುದು ಇಮೇಲ್‌ನಲ್ಲಿ, ಅದೂ ಬರೀ ಪಠ್ಯವಾಗಿ. ಅಟ್ಯಾಚ್‌ಮೆಂಟ್ ಸಲ್ಲದು. ಇಮೇಲ್ ತಂತ್ರಾಂಶ ತಾನಾಗಿಯೇ ಒಂದು ಟ್ಯಾಬನ್ನು ಖಾಲಿ ಜಾಗವಾಗಿ ಬದಲಿಸಿದರೂ ಪ್ಯಾಚ್ ಕೆಡುತ್ತದೆ. ವಿವರಣೆಯ ಕೊನೆಗೆ ‘ಸೈನ್ಡ್ ಆಫ್ ಬೈ’ ಎಂದು ಸಹಿಯ ಸಾಲು ಬೇಕು. ಹೊಸಬರು ಶುರುಮಾಡುತ್ತಿದ್ದದ್ದು ಯಂತ್ರದ ಒಂದು ಭಾಗವನ್ನು ನಡೆಸುವ ಡ್ರೈವರ್ ಎಂಬ ಕೋಡ್‌ನಲ್ಲಿ ಉದ್ದವಾದ ಸಾಲನ್ನು ಮುರಿಯುವುದು, ಹೆಚ್ಚಿಗೆ ಬಿದ್ದ ಖಾಲಿ ಜಾಗವನ್ನು ಅಳಿಸುವುದು, ಇಂಥ ಕೆಲಸಗಳಿಂದ. ಬದಲಾದದ್ದು ಒಂದೇ ಸಾಲು; ಒಪ್ಪಿಗೆಯಾಗುವಷ್ಟರಲ್ಲಿ ಎರಡನೆಯ, ಮೂರನೆಯ ಆವೃತ್ತಿ ಕಳಿಸಬೇಕಾಗುತ್ತಿತ್ತು. ಹಳಬರಿಗೆ ಇದು ದಿನನಿತ್ಯದ ಮಾತು. ಹೊಸಬಳಿಗೆ ‘ಸರಿಯಿಲ್ಲ’ ಎಂಬ ಒಂದೇ ಪದದ ಉತ್ತರ ಬಂದರೆ ಅದು ಪ್ಯಾಚ್‌ಗೆ ಹೇಳಿದ್ದೋ ತನಗೆ ಹೇಳಿದ್ದೋ ತಿಳಿಯುವುದಿಲ್ಲ. ‘ಪ್ಯಾಚ್ ಸರಿಯಾಗಿ ತಲುಪಿದೆ, ವಿವರಣೆಯ ಮೊದಲ ಸಾಲನ್ನು ಹೀಗೆ ತಿದ್ದಿ ಕಳಿಸಿ’ ಎಂದರೆ ಅವಳು ಅಂದೇ ತಿದ್ದಿ ಕಳಿಸುತ್ತಾಳೆ. ಮಾರ್ಗದರ್ಶಕರು ಮಾಡಿದ್ದು ಬಹುಪಾಲು ಇಷ್ಟೇ, ಆದರೆ ಪ್ರತಿ ದಿನವೂ ಮಾಡಿದರು.

ಈ ಕಾರ್ಯಕ್ರಮವೇ ಮುಂದೆ ಔಟ್‌ರೀಚಿ ಎಂಬ ಹೆಸರು ಪಡೆದು, ಅವಕಾಶ ತಪ್ಪಿದ ಇತರರಿಗೂ ತೆರೆದುಕೊಂಡಿತು. ಈಗ ಅದರ ಸಂಭಾವನೆ 7,000 ಡಾಲರ್. ಮರೀನಾ 2022ರಲ್ಲಿ ತೀರಿಕೊಂಡರು.

ಇದೇ ಕಾಲದಲ್ಲಿ ವಾದ ಇನ್ನೊಂದು ಕಡೆಗೂ ಹರಿಯಿತು. 2011ರಲ್ಲಿ ಶುರುವಾಗಿ 2015ರಲ್ಲಿ ಮುಚ್ಚಿದ ಅಡಾ ಇನಿಶಿಯೇಟಿವ್ ಎಂಬ ಸಂಸ್ಥೆ, ಸಮ್ಮೇಳನಗಳಲ್ಲಿ ಕಿರುಕುಳ ತಡೆಯುವ ಲಿಖಿತ ನೀತಿ ಇರಲೇಬೇಕೆಂದು ಪಟ್ಟುಹಿಡಿಯಿತು. 2014ರಲ್ಲಿ ‘ಕಾಂಟ್ರಿಬ್ಯೂಟರ್ ಕವೆನಂಟ್’ ಎಂಬ ಸಿದ್ಧ ನೀತಿ ಸಂಹಿತೆ ಬಂತು. 2018ರಲ್ಲಿ ಲಿನಕ್ಸ್ ಕರ್ನಲ್ ಕೂಡ ಅದನ್ನು ಒಪ್ಪಿಕೊಂಡಾಗ ಎದ್ದ ಗದ್ದಲ ದೊಡ್ಡದು. ನೇರ ನುಡಿಗೆ ಕಡಿವಾಣ ಬಿತ್ತೆಂದು ಕೊರಗಿದವರಿದ್ದರು. ನೇರವಾಗಿ ಹೇಳುವುದಕ್ಕೂ ಅವಮಾನಿಸುವುದಕ್ಕೂ ವ್ಯತ್ಯಾಸವಿದೆ ಎಂಬುದು ನನಗೆ ಎಂದೂ ಕಷ್ಟದ ವಿಚಾರವಾಗಿ ಕಂಡಿಲ್ಲ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಳಗ ಗದ್ದಲವಿಲ್ಲದೆ ಬೇರೆ ದಾರಿ ಹಿಡಿಯಿತು. ಅವರ ವಾರ್ಷಿಕ ಸಮ್ಮೇಳನ ಪೈಕಾನ್‌ನಲ್ಲಿ 2011ರಲ್ಲಿ ಮಹಿಳೆಯರು ನೀಡಿದ ಉಪನ್ಯಾಸಗಳು ಶೇ 1. 2016ರಲ್ಲಿ ಶೇ 40. ಸಂಘಟಕರು ಮಹಿಳೆಯರಿಗೆ ಒಬ್ಬೊಬ್ಬರಿಗೇ ಬರೆದು, ನಿಮ್ಮ ವಿಷಯ ಕಳಿಸಿ ಎಂದು ಕೇಳುತ್ತಾ ಹೋದರು. ಆದರೂ ಭಾಷೆಯ ಒಳಭಾಗವನ್ನು ತಿದ್ದುವ ಅಧಿಕಾರವಿದ್ದ ತಂಡಕ್ಕೆ ಮೊದಲ ಮಹಿಳೆಯಾಗಿ ಮರಿಯಾಟ್ಟಾ ವಿಜಯಾ ಸೇರಲು 2017 ಬರಬೇಕಾಯಿತು. ಮಹಿಳೆಯರಿಗೆ ಮಾರ್ಗದರ್ಶನ ಮಾಡಲು ತಾವು ಸಿದ್ಧ ಎಂದು ಪೈಥಾನ್‌ನ ಜನಕ ಗೀಡೊ ವ್ಯಾನ್ ರಾಸಮ್ ಬಹಿರಂಗವಾಗಿ ಹೇಳಿದ್ದರು. ಅವರಿಗೆ ಇಮೇಲ್ ಬರೆದು ಮರಿಯಾಟ್ಟಾ ಶುರುಮಾಡಿದ್ದರು.

ಅದೇ 2017ರಲ್ಲಿ, ಕೋಡ್ ಇಟ್ಟು ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್ ಓಪನ್ ಸೋರ್ಸ್ ಬಗ್ಗೆ ನಡೆಸಿದ ಸಮೀಕ್ಷೆಯಲ್ಲಿ ಮಹಿಳೆಯರ ಪಾಲು ಶೇ 3 ಮಾತ್ರ. ಆ ವರ್ಷವೇ ಪ್ರಕಟವಾದ ಸಂಶೋಧನೆಯೊಂದು ಗಿಟ್‌ಹಬ್‌ನಲ್ಲಿ ಮಹಿಳೆಯರ ಕೋಡ್ ಒಟ್ಟಾರೆ ಪುರುಷರದ್ದಕ್ಕಿಂತ ಹೆಚ್ಚು ಬಾರಿ ಒಪ್ಪಿಗೆ ಪಡೆಯುತ್ತದೆ ಎಂದು ಕಂಡುಕೊಂಡಿತು. ಆದರೆ ಯೋಜನೆಗೆ ಹೊಸಬರಾಗಿದ್ದು, ಬರೆದವರು ಹೆಣ್ಣೆಂದು ಗುರುತು ಸಿಕ್ಕಾಗ ಆ ಪ್ರಮಾಣ ಪುರುಷರಿಗಿಂತ ಕೆಳಗಿಳಿಯುತ್ತಿತ್ತು. ಕೋಡ್ ಚೆನ್ನಾಗಿದ್ದರೆ ಸಾಕು ಎಂಬ ಮೂಲ ನಿಯಮವೇ ಪಾಲನೆಯಾಗುತ್ತಿರಲಿಲ್ಲ. ಇಂಥ ಲೆಕ್ಕಗಳು ಹಿಡಿಯದ ಕೆಲಸವೂ ಬಹಳಷ್ಟಿದೆ: ದಾಖಲೆ ಬರೆಯುವವರು, ಅನುವಾದಿಸುವವರು, ಸಮ್ಮೇಳನ ನಡೆಸುವವರು. ಕೋಡ್ ಮಾತ್ರ ಎಣಿಸುವ ಕಡೆ ಇವರು ಕಾಣುವುದೇ ಇಲ್ಲ.

ಈಗಿನ ಬಿಕ್ಕಟ್ಟು ಹಣದ್ದು. ತಂತ್ರಜ್ಞಾನ ಕ್ಷೇತ್ರದ ಮಹಿಳೆಯರ ದೊಡ್ಡ ಜಾಲವಾಗಿದ್ದ ವಿಮೆನ್ ಹೂ ಕೋಡ್ 2024ರಲ್ಲಿ ಹಣವಿಲ್ಲದೆ ಮುಚ್ಚಿತು. 2025ರ ಅಕ್ಟೋಬರ್‌ನಲ್ಲಿ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಅಮೆರಿಕ ಸರ್ಕಾರದ 15 ಲಕ್ಷ ಡಾಲರ್ ಅನುದಾನದ ಕೋರಿಕೆಯನ್ನು ಹಿಂದಕ್ಕೆ ಪಡೆಯಿತು. ಹಣ ಬೇಕಾಗಿದ್ದದ್ದು ಭದ್ರತೆಯ ಕೆಲಸಕ್ಕೆ. ಆದರೆ ವೈವಿಧ್ಯ, ಸಮಾನತೆ, ಒಳಗೊಳ್ಳುವಿಕೆಯನ್ನು ಬೆಳೆಸುವ ಯಾವ ಕಾರ್ಯಕ್ರಮವನ್ನೂ ನಡೆಸಬಾರದೆಂಬ ಷರತ್ತು ಅದರೊಂದಿಗೆ ಬಂದಿತ್ತು. ಸುದ್ದಿ ತಿಳಿದ ಪೈಥಾನ್ ಬಳಕೆದಾರರು ಆ ದಿನಗಳಲ್ಲೇ ದೇಣಿಗೆ ಕಳಿಸತೊಡಗಿದರು.