ಪಾಪ, ತಿನ್ನಲಿ ಬಿಡಿ

ರಾಜಾಜಿನಗರದಲ್ಲಿ ನನ್ನ ಅಕ್ಕನ ಮನೆಯಿಂದ ಪಾರ್ಕಿಗೆ ಹತ್ತೇ ನಿಮಿಷದ ದಾರಿ. ಅಕ್ಕನ ಮಗನಿಗೆ 11 ವರ್ಷ. ಡೌನ್ ಸಿಂಡ್ರೋಮ್ ಇದೆ. ಹೋದ ವರ್ಷ ಒಂದು ಸಂಜೆ ಅವರ ಜೊತೆ ನಾನೂ ಹೊರಟೆ. ಗೇಟು ದಾಟುವ ಮೊದಲೇ ಕೆಳಗಿನ ಮನೆಯ ಅಜ್ಜಿ ಎರಡು ಕೋಡುಬಳೆ ಕೊಟ್ಟರು. ಮೂಲೆ ಅಂಗಡಿಯವರು ಚಾಕಲೇಟು ಕೊಟ್ಟರು. ಅಯ್ಯಂಗಾರ್ ಬೇಕರಿ ಮುಂದೆ ಅವನು ನಿಂತಿದ್ದೇ ತಡ, ಗಾಜಿನ ಭರಣಿಯಿಂದ ಒಂದು ಬೆಣ್ಣೆ ಬಿಸ್ಕೆಟ್ ಬಂತು. ದುಡ್ಡೂ ಬೇಡ ಅಂದರು. ಅಕ್ಕ ಎಲ್ಲ ಕಡೆ 'ಬೇಡ' ಅಂದಳು. ಎಲ್ಲ ಕಡೆ ಸಿಕ್ಕ ಉತ್ತರ ಒಂದೇ: 'ಪಾಪ, ತಿನ್ನಲಿ ಬಿಡಿ.'

ಕೊಟ್ಟವರೆಲ್ಲ ಪ್ರೀತಿಯಿಂದಲೇ ಕೊಟ್ಟರು. ಆದರೆ ಲೆಕ್ಕ ಸ್ವಲ್ಪ ನೋಡಿ. 25 ಗ್ರಾಂ ತೂಗುವ ಒಂದು ಬೆಣ್ಣೆ ಬಿಸ್ಕೆಟ್‌ನಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ. 40 ಕೆಜಿ ತೂಕದ ಮಗು ಅರ್ಧ ಗಂಟೆ ನಿಧಾನವಾಗಿ ನಡೆದರೆ ಖರ್ಚಾಗುವುದು 60–70 ಕ್ಯಾಲೊರಿ. ಅಂದರೆ ಆ ಒಂದು ಬಿಸ್ಕೆಟ್‌ಗೆ ಒಂದು ಗಂಟೆ ನಡೆಯಬೇಕು. ಕೋಡುಬಳೆ, ಚಾಕಲೇಟು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಪಾರ್ಕಿಗೆ ಹೋಗಿ ಬಂದ ಮೇಲೆ ಮಗುವಿನ ತೂಕ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳಲ್ಲಿ ಬೊಜ್ಜು ಉಳಿದ ಮಕ್ಕಳಿಗಿಂತ ಜಾಸ್ತಿ ಎಂದು ಹಲವು ದೇಶಗಳ ಸಮೀಕ್ಷೆಗಳು ಹೇಳುತ್ತವೆ. ನೆಂಟರಿಷ್ಟರು ಇದಕ್ಕೆ ಎರಡೇ ಕಾರಣ ಕೊಡುತ್ತಾರೆ. ಮಗುವಿಗೆ ತಿನ್ನೋ ಚಪಲ, ಇಲ್ಲವೇ ತಾಯಿಗೆ ಗಮನ ಇಲ್ಲ. ಎರಡೂ ಅನ್ಯಾಯದ ಮಾತು. ದೇಹದ ಒಳಗೆ ನಡೆಯುವುದು ಬೇರೆಯೇ ಇದೆ.

ಡೌನ್ ಸಿಂಡ್ರೋಮ್ ಅಂದರೆ 21ನೇ ಕ್ರೋಮೋಸೋಮು ಎರಡರ ಬದಲು ಮೂರು ಇರುವುದು. 1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಪ್ರಕಟಿಸಿದರು. ಈ ಮಕ್ಕಳ ಸ್ನಾಯುಗಳು ಹುಟ್ಟಿನಿಂದಲೇ ಸಡಿಲ. ಓಡಲು, ಹತ್ತಲು ಬೇರೆ ಮಕ್ಕಳಿಗಿಂತ ಹೆಚ್ಚು ಕಷ್ಟಪಡಬೇಕು, ಹಾಗಾಗಿ ಬೇಗ ಕೂತುಬಿಡುತ್ತಾರೆ. ಎತ್ತರ ಕಡಿಮೆ, ಆದ್ದರಿಂದ ದಿನಕ್ಕೆ ಬೇಕಾದ ಊಟವೂ ಕಡಿಮೆ. ಸುಮ್ನೆ ಕೂತಾಗ ದೇಹ ಖರ್ಚು ಮಾಡುವ ಶಕ್ತಿಯೂ ಕಡಿಮೆ ಎಂದು ಕೆಲವು ಅಧ್ಯಯನಗಳು ಹೇಳುತ್ತವೆ. ಅಣ್ಣನಿಗೆ ಬಡಿಸಿದಷ್ಟೇ ತಮ್ಮನಿಗೂ ಬಡಿಸಿದರೆ ತಮ್ಮನಿಗೆ ಅದು ಜಾಸ್ತಿಯಾಗಬಹುದು.

ಇದರ ಜೊತೆಗೆ ಥೈರಾಯ್ಡ್. ಡೌನ್ ಇರುವ ಮಕ್ಕಳಲ್ಲಿ ಈ ಗ್ರಂಥಿ ಮಂದವಾಗುವುದು ಸಾಮಾನ್ಯ. ಅದಕ್ಕೇ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು ಎಂದು ಮಕ್ಕಳ ತಜ್ಞರು ಹೇಳುತ್ತಾರೆ. ನಮ್ಮ ಹುಡುಗನಿಗೆ ಒಂಬತ್ತು ವರ್ಷವಿದ್ದಾಗ ತೂಕ ದಿಢೀರ್ ಏರಿತು. ಮಲಬದ್ಧತೆ ಶುರುವಾಯಿತು, ಆಟದಲ್ಲಿ ಆಸಕ್ತಿ ಹೋಯಿತು. ಒಂದು ಕ್ಲಿನಿಕ್‌ನಲ್ಲಿ ತೋರಿಸಿದಾಗ 'ಇಂಥ ಮಕ್ಕಳು ಹೀಗೇ ಇರೋದು' ಅಂದು ಕಳಿಸಿಬಿಟ್ಟರು. ಆರು ತಿಂಗಳಾದ ಮೇಲೆ ಬೇರೆ ಕಡೆ ರಕ್ತ ಪರೀಕ್ಷೆ ಮಾಡಿಸಿದರೆ ಥೈರಾಯ್ಡ್ ತೊಂದರೆ ಇತ್ತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಪುಟ್ಟ ಮಾತ್ರೆ ಶುರು ಮಾಡಿದ ಕೆಲವೇ ವಾರಕ್ಕೆ ಮಗು ಮತ್ತೆ ಬಾಲು ಹಿಡಿದ. ಕಾಯಿಲೆಯ ಲಕ್ಷಣವನ್ನು ಅಂಗವೈಕಲ್ಯದ ಲೆಕ್ಕಕ್ಕೇ ಬರೆದುಬಿಡುವ ಈ ತಪ್ಪು ಲೋಕದ ಎಲ್ಲ ಕಡೆ ನಡೆಯುತ್ತದೆ. ಆ ಆರು ತಿಂಗಳು ನೆನಪಾದರೆ ನನಗೆ ಈಗಲೂ ಸಂಕಟವಾಗುತ್ತದೆ.

ನಿದ್ದೆಯನ್ನೂ ನೋಡಬೇಕು. ಉಸಿರಿನ ದಾರಿ ಕಿರಿದಾಗಿದ್ದರೆ ಮಗು ಗೊರಕೆ ಹೊಡೆಯುತ್ತದೆ, ರಾತ್ರಿ ಮತ್ತೆ ಮತ್ತೆ ಉಸಿರು ಕಟ್ಟುತ್ತದೆ. ನಿದ್ದೆಗೆಟ್ಟ ಮಗು ಹಗಲು ಮಂಕಾಗಿರುತ್ತದೆ, ಹೆಚ್ಚು ತಿನ್ನುತ್ತದೆ. ತೂಕ ಏರಿದರೆ ಗೊರಕೆ ಇನ್ನೂ ಜಾಸ್ತಿ. ಇನ್ನು ಔಷಧಿ. ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್, ಹಟ ಮತ್ತು ಸಿಟ್ಟು ತಗ್ಗಿಸಲು ಕೊಡುವ ರಿಸ್ಪೆರಿಡೋನ್, ಇವೆರಡೂ ತೂಕ ಹೆಚ್ಚಿಸಬಲ್ಲವು. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆ ಏಕಾಏಕಿ ನಿಲ್ಲಿಸುವುದು ಅಪಾಯ. ಡಾಕ್ಟರ ಹತ್ತಿರ ಹೋಗಿ 'ಇದು ಶುರುವಾದ ಮೇಲೆ ತೂಕ ಇಷ್ಟು ಏರಿದೆ, ಬೇರೆ ಔಷಧಿ ಇದೆಯಾ' ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ.

ಪ್ರೇಡರ್-ವಿಲ್ಲಿ ಸಿಂಡ್ರೋಮ್‌ನ ಕತೆ ಮಾತ್ರ ಇನ್ನೂ ಬೇರೆ. 1956ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ಗುರುತಿಸಿದ ಈ ಸ್ಥಿತಿಗೆ 15ನೇ ಕ್ರೋಮೋಸೋಮಿನಲ್ಲಿ ಆಗುವ ಬದಲಾವಣೆ ಕಾರಣ. ಸುಮಾರು 15,000ದಿಂದ 20,000 ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ. ಎಳೆಗೂಸಾಗಿದ್ದಾಗ ಹಾಲು ಎಳೆಯಲೂ ಶಕ್ತಿಯಿಲ್ಲದ ಮಗು, ಕೆಲವು ವರ್ಷಗಳ ನಂತರ ಎಷ್ಟು ತಿಂದರೂ ಹಸಿವು ಅನ್ನುತ್ತದೆ. ಹೊಟ್ಟೆ ತುಂಬಿತು ಎಂಬ ಸುದ್ದಿ ಮಿದುಳಿನ ಹೈಪೊಥಾಲಮಸ್‌ನಲ್ಲಿ ಸರಿಯಾಗಿ ದಾಖಲಾಗುವುದಿಲ್ಲ. ಆ ಮನೆಯಲ್ಲಿ ಫ್ರಿಜ್ಜಿಗೆ ಬೀಗ ಕಂಡರೆ ದಯವಿಟ್ಟು ತಾಯಿಯನ್ನು ಕಟುಕಿ ಅನ್ನಬೇಡಿ. ಆ ಬೀಗ ಚಿಕಿತ್ಸೆಯ ಒಂದು ಭಾಗ. ಊಟ ಯಾವಾಗ, ಎಷ್ಟು ಎಂಬುದು ಗಟ್ಟಿಯಾದರೆ, ಮಧ್ಯೆ ಏನೂ ಸಿಗುವುದಿಲ್ಲ ಎಂಬುದು ಖಾತ್ರಿಯಾದರೆ, ಮಗುವಿನ ಚಡಪಡಿಕೆಯೇ ಎಷ್ಟೋ ಇಳಿಯುತ್ತದೆ.

ಹಾಗಾದರೆ ಮನೆಯಲ್ಲಿ ಏನು ಮಾಡುವುದು? ಅಕ್ಕ ಮೊದಲು ಬದಲಾಯಿಸಿದ್ದು ಊಟವನ್ನಲ್ಲ, ತನ್ನ ಮಾತನ್ನು. 'ಸ್ವಲ್ಪ ತಿನ್ನು', 'ಆಮೇಲೆ ಕೊಡ್ತೀನಿ', 'ಸಾಕು ಕಣೋ' ಎನ್ನುತ್ತೇವೆ ಅಲ್ವಾ? ಸ್ವಲ್ಪ ಅಂದರೆ ಎಷ್ಟು? ಆಮೇಲೆ ಅಂದರೆ ಯಾವಾಗ? ಬೌದ್ಧಿಕ ಅಂಗವೈಕಲ್ಯ ಇರುವ ಎಷ್ಟೋ ಮಕ್ಕಳಿಗೆ ಈ ಮಾತುಗಳಿಗೆ ಅರ್ಥವೇ ಇರುವುದಿಲ್ಲ. ಕಣ್ಣಿಗೆ ಕಾಣುವುದು, ಕೈಯಲ್ಲಿ ಎಣಿಸುವುದು ಅರ್ಥವಾಗುತ್ತದೆ. ಈಗ ಅವರ ಮನೆಯಲ್ಲಿ 'ಎರಡು ದೋಸೆ', 'ಒಂದು ಲೋಟ ಮಜ್ಜಿಗೆ', 'ಟೀಚರ್ ಹೋದ ಮೇಲೆ ಹಣ್ಣು'. ಎರಡು ದೋಸೆ ಆದ ಕೂಡಲೇ ಹಂಚು ಒಲೆಯಿಂದ ಇಳಿಯುತ್ತದೆ, ಎಲ್ಲರಿಗೂ.

ಫ್ರಿಜ್ಜಿನ ಬಾಗಿಲ ಮೇಲೆ ಮೂರು ಬಣ್ಣದ ಹಾಳೆ ಅಂಟಿಸಿದ್ದಾಳೆ. 1970ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಲಿಯೊನಾರ್ಡ್ ಎಪ್‌ಸ್ಟೀನ್ ಮಕ್ಕಳಿಗಾಗಿ ರೂಪಿಸಿದ ಟ್ರಾಫಿಕ್ ಸಿಗ್ನಲ್ ವಿಧಾನ ಇದು. ಓದು ಬಾರದ ಮಗುವಿಗೂ ಹೊಂದುತ್ತದೆ. ನವರಂಗ್ ಸಿಗ್ನಲ್‌ನಲ್ಲಿ ನಿಂತು ಬೆಳೆದ ಹುಡುಗನಿಗೆ ಬಣ್ಣದ ಅರ್ಥ ಹೇಳಿಕೊಡಬೇಕಾ! ಹಸಿರಿನಲ್ಲಿ ಸೌತೆಕಾಯಿ, ಹುರುಳಿಕಾಯಿ ಪಲ್ಯ, ಸೊಪ್ಪು, ಸೀಬೆಹಣ್ಣು, ನೀರು ಮಜ್ಜಿಗೆ. ಹಳದಿಯಲ್ಲಿ ಅನ್ನ, ಚಪಾತಿ, ದೋಸೆ, ಮುದ್ದೆ. ಕೆಂಪಿನಲ್ಲಿ ಬೋಂಡಾ, ಕೇಕು, ಚಿಪ್ಸು, ಪ್ಯಾಕೆಟ್ ಜ್ಯೂಸು. ಎಲ್ಲವೂ ಅವರ ಅಡುಗೆಮನೆಯಲ್ಲೇ ತೆಗೆದ ಫೋಟೋ. ಕೆಂಪಿನದು ಭಾನುವಾರ ಒಂದು, ಅದೂ ಅವನೇ ಆರಿಸಿದ್ದು.

ಮುದ್ದೆ ಹಳದಿಗೆ ಹೋಗಿದ್ದಕ್ಕೆ ನಮ್ಮಮ್ಮನಿಗೆ ಬೇಜಾರಾಯಿತು. ರಾಗಿಯಲ್ಲಿ ಸುಣ್ಣದ ಅಂಶ ತುಂಬಾ ಇದೆ, 100 ಗ್ರಾಂನಲ್ಲಿ ಸುಮಾರು 11 ಗ್ರಾಂ ನಾರೂ ಇದೆ. ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಂ ಒಳಗೇ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ 350ರ ಆಸುಪಾಸು. ದೊಡ್ಡ ವ್ಯತ್ಯಾಸವೇನಿಲ್ಲ. ರಾಗಿ ಅಂತ ಮೂರು ಮುದ್ದೆ ನುಂಗಿಸಿದರೆ ತೂಕ ಇಳಿಯುವುದಿಲ್ಲ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಬೆಳೆಯುವ ಮಗುವಿಗೆ ಉಪವಾಸ, ಪತ್ಯ ಬೇಡ. ಎಷ್ಟೋ ಸಲ ತೂಕ ಇಳಿಸುವುದೇ ಬೇಕಿಲ್ಲ. ಇದ್ದ ತೂಕ ಇದ್ದಲ್ಲೇ ನಿಂತು, ಎತ್ತರ ಒಂದೆರಡು ಇಂಚು ಬೆಳೆದರೆ ಲೆಕ್ಕ ಸರಿಹೋಗುತ್ತದೆ. ದೊಡ್ಡವರ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಎಂಬ ಲೆಕ್ಕ) ಅಂಕಿ ಮಕ್ಕಳಿಗೆ ನಡೆಯುವುದಿಲ್ಲ. ಭಾರತದ ಮಕ್ಕಳ ವೈದ್ಯರ ಸಂಘ 5ರಿಂದ 18 ವರ್ಷದವರಿಗಾಗಿ 2015ರಲ್ಲಿ ಹೊಸ ಬೆಳವಣಿಗೆ ಚಾರ್ಟ್ ಕೊಟ್ಟಿದೆ. ನಿಮ್ಮ ಮಗುವಿನ ಚುಕ್ಕಿ ಅದರಲ್ಲಿ ಎಲ್ಲಿದೆ ಎಂದು ಡಾಕ್ಟರನ್ನು ಕೇಳಿ.

ಇನ್ನೊಂದು ತಿನಿಸು ನಮ್ಮ ಕಣ್ಣು ತಪ್ಪಿಸಿಕೊಂಡಿತ್ತು. ಥೆರಪಿಗೆ ಹೋಗುತ್ತಿದ್ದ ಕಡೆ ಪ್ರತಿ ಸರಿ ಉತ್ತರಕ್ಕೂ ಒಂದು ಚಾಕಲೇಟ್ ತುಂಡು. ಕಲಿಸಲು ತಿಂಡಿ ಆಸೆ ತೋರಿಸುವುದು ಹಳೆಯ ಪದ್ಧತಿ, ಕೆಲಸವೂ ಮಾಡುತ್ತದೆ. ಆದರೆ ಗೆದ್ದಾಗಲೆಲ್ಲ ತಿನ್ನಬೇಕು ಎಂಬ ಪಾಠವೂ ಜೊತೆಗೇ ಕೂರುತ್ತದೆ. ಅಕ್ಕ ಮಾತಾಡಿ, ಅದರ ಬದಲು ಸ್ಟಿಕ್ಕರ್ ಶುರು ಮಾಡಿಸಿದಳು. ಹತ್ತು ಸ್ಟಿಕ್ಕರ್ ಆದರೆ ಮೆಟ್ರೋ ಸವಾರಿ. ಅವನಿಗೆ ಮೆಟ್ರೋ ಅಂದರೆ ಪ್ರಾಣ.

ಓಡಾಟದ ವಿಷಯದಲ್ಲಿ ನಮ್ಮ ಊರು ಈ ಮಕ್ಕಳಿಗೆ ಉಪಕಾರ ಮಾಡಿಲ್ಲ. ಫುಟ್‌ಪಾತ್ ಕಿತ್ತುಹೋಗಿರುತ್ತದೆ. ಪಾರ್ಕಿನಲ್ಲಿ ಆಡುವ ಮಕ್ಕಳು ಸೇರಿಸಿಕೊಳ್ಳುವುದಿಲ್ಲ. ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅಂಗವೈಕಲ್ಯ ಇರುವ ಮಕ್ಕಳಿಗೂ ಹೇಳಿತು. ಒಂದೇ ಸಲ 60 ಬೇಡ. ಹತ್ತತ್ತು ನಿಮಿಷ ಕುಣಿತ, ಬಾಲ್ ಆಟ, ನೀರಿನ ಬಕೆಟ್ ಹೊರುವುದು, ಬಟ್ಟೆ ಒಣಹಾಕುವುದು, ಎಲ್ಲವೂ ಸೇರುತ್ತದೆ. ಡೌನ್ ಇರುವ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ, ಕೆಲವರಿಗೆ ಕತ್ತಿನ ಮೂಳೆ ಸಡಿಲ. ಲಾಗ ಹಾಕಿಸುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಖರ್ಚಿನ ಚಿಂತೆ ಇದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ಆರೋಗ್ಯ ವಿಮೆಯ ಬಗ್ಗೆ ವಿಚಾರಿಸಿ. ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಸಿಗುತ್ತದೆ.

ಬೇಕರಿಯವರ ಹತ್ತಿರ ಅಕ್ಕ ಒಂದು ದಿನ ಕೂತು ಮಾತಾಡಿದಳು. ಥೈರಾಯ್ಡ್, ಗೊರಕೆ ಎಲ್ಲ ಹೇಳಿದಳು. ಅವರು ಕಣ್ಣು ತುಂಬಿಕೊಂಡು, 'ಗೊತ್ತಿರಲಿಲ್ಲ ಕಣಮ್ಮಾ' ಅಂದರು. ಈಗ ಅವನು ಬಂದರೆ ಭರಣಿ ಮುಚ್ಚಳ ತೆಗೆಯುವುದಿಲ್ಲ, ಕೌಂಟರ್ ಮೇಲಿಂದ ಕೈ ಚಾಚಿ ಹೈಫೈವ್ ಕೊಡುತ್ತಾರೆ. ಹೋದ ಶನಿವಾರ ಹತ್ತು ಸ್ಟಿಕ್ಕರ್ ಆಗಿತ್ತು. ರಾಜಾಜಿನಗರ ಸ್ಟೇಷನ್‌ನಲ್ಲಿ ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತಿದೆವು. ಅವನಿಗೆ 20ರವರೆಗೆ ಎಣಿಕೆ ಬರುತ್ತದೆ. 20 ಆದ ಮೇಲೆ ಒಂದು ಕ್ಷಣ ನಿಂತ, ಕಂಬಿ ಹಿಡಿದು ಉಸಿರು ತಗೊಂಡ, ಮತ್ತೆ ಒಂದರಿಂದ ಶುರು ಮಾಡಿದ.