ಕಾಫಿ ತೋಟದ ನೆಂಟ: ಕೊಡಗಿನ ಕಿತ್ತಳೆ ಕಾಣೆಯಾದದ್ದು ಹೇಗೆ?

ಚಳಿಗಾಲ ಬಂತೆಂದರೆ ಬೆಂಗಳೂರಿನ ತಳ್ಳುಗಾಡಿಗಳ ಮೇಲೆ ಕಿತ್ತಳೆ ರಾಶಿ. ಎಲ್ಲಿಯದು ಅಂತ ಕೇಳಿದರೆ ನಾಗಪುರ ಅನ್ನುತ್ತಾರೆ. ಜನವರಿಯ ಹೊತ್ತಿಗೆ ಪಂಜಾಬಿನ ಕಿನ್ನೋ ಬರುತ್ತದೆ. ಸಿಪ್ಪೆ ಫಳಫಳ, ಒಳಗೆ ಬರೀ ಬೀಜ. ಐದಾರು ಗಂಟೆ ದಾರಿಯ ಕೊಡಗಿನ ಹಣ್ಣು ಮಾತ್ರ ಹುಡುಕಿದರೂ ಸಿಗುವುದು ಕಷ್ಟ. ಮಡಿಕೇರಿಗೆ ಹೋದವರು ರಸ್ತೆ ಬದಿಯಲ್ಲಿ ಕೊಂಡು ತರುವುದೂ ಎಷ್ಟೋ ಸಲ ನಾಗಪುರದ್ದೇ.

1960ರ ದಶಕದಲ್ಲಿ ಕೊಡಗಿನಲ್ಲಿ 20,000 ಹೆಕ್ಟೇರ್‌ಗೂ ಜಾಸ್ತಿ ಜಾಗದಲ್ಲಿ ಕಿತ್ತಳೆ ಮರಗಳಿದ್ದವು. ಈಗ ಅದು 2,000 ಹೆಕ್ಟೇರ್‌ಗಿಂತ ಕೆಳಗಿದೆ ಅನ್ನುತ್ತಾರೆ. ರೋಗ ಬಂತು, ಮರ ಸತ್ತವು ಎಂದು ಒಂದೇ ಮಾತಿನಲ್ಲಿ ಮುಗಿಸಬಹುದು. ಆದರೆ ರೋಗ ಬಂದ ಬೆಳೆಗಳೆಲ್ಲ ಹೀಗೆ ಮಾಯವಾಗಿಲ್ಲ, ಅಲ್ವಾ? ಮರ ಸತ್ತ ಮೇಲೆ ಆ ಗುಂಡಿಗೆ ಏನು ನೆಟ್ಟರು ಅನ್ನುವುದನ್ನೂ ನೋಡಬೇಕು.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಾವು ಕಿತ್ತಳೆ ಅನ್ನುವುದು ಮ್ಯಾಂಡರಿನ್ ಜಾತಿಯ ಹಣ್ಣು. ಸಿಪ್ಪೆ ಸಡಿಲ, ತೊಳೆ ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಟ್ಯಾಂಜರಿನ್ ಅನ್ನುವುದೂ ಇದೇ ಬಳಗದ್ದು. ಮೊರಾಕ್ಕೊದ ಟ್ಯಾಂಜಿಯರ್ ಬಂದರಿನಿಂದ ಬಂದ ಹೆಸರು ಅದು. ಹೊರದೇಶಗಳಲ್ಲಿ ಜ್ಯೂಸ್ ಮಾಡುವ ಆರೆಂಜ್ ಬೇರೆ. ಅದು ನಮ್ಮ ಮೋಸಂಬಿ, ಸಾತ್ಗುಡಿಗಳ ಕಡೆಯದು. ಬಹಳ ಹಿಂದೆ ಚಕ್ಕೋತ ಮತ್ತು ಮ್ಯಾಂಡರಿನ್ ಬೆರೆತು ಹುಟ್ಟಿದ ಹಣ್ಣು ಎಂದು ವಿಜ್ಞಾನಿಗಳು ಹೇಳುತ್ತಾರೆ. ನಮ್ಮ ಪದದ್ದು ಇನ್ನೂ ಚೆಂದ. ಹಳಗನ್ನಡದಲ್ಲಿ ಈ ಜಾತಿಯ ಹಣ್ಣಿಗೆ ಈಳೆ, ಇಳೆ ಎನ್ನುತ್ತಿದ್ದರು. ಕಿರಿದಾದ ಇಳೆ ಕಿತ್ತಿಳೆ, ಅದೇ ಕಿತ್ತಳೆ ಆಯಿತು. ದೊಡ್ಡದು ಹೇರಿಳೆ, ಅಂದರೆ ಇವತ್ತು ನಾವು ಗೊಜ್ಜು ಮಾಡುವ ಹೇರಳೆಕಾಯಿ.

ಇನ್ನು ಕೊಡಗಿಗೆ ಬರೋಣ. ಅಲ್ಲಿ ಕಿತ್ತಳೆಗೆಂದೇ ತೋಟ ಮಾಡಿದವರು ಕಡಿಮೆ. ಕಾಫಿ ಗಿಡಗಳ ನಡುವೆ ಅಲ್ಲೊಂದು ಇಲ್ಲೊಂದು ಮರ. ಕಾಫಿಗೆ ಒಂದಿಷ್ಟು ನೆರಳು, ಮಾಲೀಕರಿಗೆ ಮೇಲು ಸಂಪಾದನೆ. ಎಷ್ಟೋ ಕಡೆ ಕಾಯಿ ಮರದಲ್ಲಿರುವಾಗಲೇ ಫಸಲನ್ನು ಗುತ್ತಿಗೆಗೆ ಕೊಟ್ಟುಬಿಡುತ್ತಿದ್ದರು. ವರ್ಷಕ್ಕೆ ಎರಡು ಫಸಲು. ಮಳೆಗಾಲದ್ದು ನೀರು ನೀರು, ಹುಳಿ. ಚಳಿಗಾಲದ್ದೇ ನಿಜವಾದ ಹಣ್ಣು. ನಾಗಪುರದ ಹಣ್ಣಿನಷ್ಟು ಕೇಸರಿ ಬಣ್ಣ ಇಲ್ಲ, ಹಸಿರು ಮಿಶ್ರಿತ ಹಳದಿ. ಸಿಪ್ಪೆ ಸ್ವಲ್ಪ ಬಿಗಿ, ಹಾಗಾಗಿ ಜಾಸ್ತಿ ದಿನ ಕೆಡದೆ ಇರುತ್ತದೆ. ಸಿಹಿಯ ಹಿಂದೆಯೇ ಒಂದು ಹುಳಿ ಬರುತ್ತದೆ. ನನ್ನ ನಾಲಿಗೆಗೆ ಬರೀ ಸಿಹಿಗಿಂತ ಅದೇ ಮೇಲು.

ಗಿಡಗಳನ್ನೂ ಬೀಜದಿಂದಲೇ ಎಬ್ಬಿಸುತ್ತಿದ್ದರು. ಇಲ್ಲಿ ಒಂದು ವಿಚಿತ್ರವಿದೆ. ಮಾವಿನ ಓಟೆ ನೆಟ್ಟರೆ ತಾಯಿ ಮರದ ರುಚಿಯೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಕಿತ್ತಳೆಯ ಒಂದು ಬೀಜದಿಂದ ಎರಡು ಮೂರು ಸಸಿ ಏಳುತ್ತವೆ, ಅದರಲ್ಲಿ ಹೆಚ್ಚಿನವು ತಾಯಿಯ ಪಡಿಯಚ್ಚು. ಹೀಗಾಗಿ ಕಸಿ ಗೊತ್ತಿಲ್ಲದವರ ಕೈಯಲ್ಲೂ ತಳಿ ಕೆಡದೆ ಉಳಿಯಿತು. ಆದರೆ ಬೀಜದ ಗಿಡ ಫಲ ಕೊಡಲು ಏಳೆಂಟು ವರ್ಷ ಬೇಕು. ಈ ಲೆಕ್ಕ ನೆನಪಿರಲಿ.

ಆಮೇಲೆ ಮರಗಳು ತುದಿಯಿಂದ ಒಣಗತೊಡಗಿದವು. ಎಲೆ ಸಣ್ಣದಾಗಿ ಹಳದಿಗೆ ತಿರುಗುತ್ತಿತ್ತು. ಕಾಯಿ ಸೊಟ್ಟಗಾಗಿ, ತಳದ ಕಡೆ ಹಸಿರಾಗಿಯೇ ಉಳಿಯುತ್ತಿತ್ತು. ಎಲೆ ನೋಡಿದರೆ ಥೇಟ್ ಸತುವಿನ ಕೊರತೆ. ಹಾಗಾಗಿ ಮಣ್ಣನ್ನು ದೂರಿದರು, ಸತು ಸಿಂಪಡಿಸಿದರು, ಗೊಬ್ಬರ ಸುರಿದರು. ಇದು ಕೊಡಗಿನ ಕಷ್ಟ ಮಾತ್ರವೂ ಅಲ್ಲ, ದೇಶದ ಹಲವು ಕಡೆ ಹೀಗೇ ಆಗುತ್ತಿತ್ತು. ಗುಟ್ಟು ಬಯಲಾದದ್ದು 1966ರಲ್ಲಿ. ಆಸ್ಟ್ರೇಲಿಯಾದ ವಿಜ್ಞಾನಿ ಲಿಲಿಯನ್ ಫ್ರೇಸರ್ ಮತ್ತು ಇಲ್ಲಿನ ಸಂಗಡಿಗರು ಭಾರತದ ಈ ಒಣಗು ರೋಗಕ್ಕೆ ಬಹುಶಃ ಗ್ರೀನಿಂಗ್ ಎಂಬ ಅಂಟುರೋಗ ಕಾರಣ ಎಂದರು. ಮರುವರ್ಷ, ಸಿಲ್ಲಾ ಎಂಬ ಪುಟ್ಟ ಕೀಟ ಇದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ ಎಂದು ನಮ್ಮ ದೇಶದ ಪ್ರಯೋಗಗಳು ತೋರಿಸಿದವು. ಮೊದಲು ವೈರಸ್ ಅಂದುಕೊಂಡಿದ್ದರು. ಅದು ಬ್ಯಾಕ್ಟೀರಿಯಾ ಎಂದು ತಿಳಿದದ್ದು ಆಮೇಲೆ.

ಈ ಬ್ಯಾಕ್ಟೀರಿಯಾ ಎಲೆಯ ಆಹಾರ ಬೇರಿಗೆ ಇಳಿಯುವ ನಾಳದೊಳಗೇ ಮನೆ ಮಾಡುತ್ತದೆ. ಮೇಲಿಂದ ಔಷಧ ಹೊಡೆದರೆ ಅಲ್ಲಿಗೆ ಮುಟ್ಟುವುದಿಲ್ಲ. ಬೇರು ಹಸಿದು ಸಾಯುತ್ತದೆ, ಹಿಂದೆಯೇ ಮರ. ಇದರ ಜೊತೆ ಇನ್ನೆರಡು ಪೀಡೆ. ಒಂದು ಟ್ರಿಸ್ಟೆಜಾ ಎಂಬ ವೈರಸ್, ಅದನ್ನು ಸಸ್ಯಹೇನು ಹರಡುತ್ತದೆ. ಇನ್ನೊಂದು ಮಳೆಗಾಲದ ಬೇರು ಕೊಳೆ. ಕಾಫಿಗೆಂದು ಮಣ್ಣು ಅಗೆಯುವಾಗ ಕಿತ್ತಳೆಯ ಮೇಲ್ಬೇರು ತುಂಡಾದರೆ ಕೊಳೆಗೆ ಅದೇ ಬಾಗಿಲು.

ಸಂಶೋಧನೆ ಇರಲಿಲ್ಲ ಅಂತ ಹೇಳುವ ಹಾಗಿಲ್ಲ. ಗೋಣಿಕೊಪ್ಪದಲ್ಲಿ ಕಿತ್ತಳೆಗೆಂದೇ ಒಂದು ಕೇಂದ್ರವಿತ್ತು. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ಈಗಲೂ ಕೆಲಸ ಮಾಡುತ್ತಿದೆ. ಅವರು ಹೇಳಿದ್ದು ಸರಳ: ರೋಗವಿಲ್ಲದ ಸಸಿ ನೆಡಿ, ಚಿಗುರು ಬಂದಾಗ ಸಿಲ್ಲಾ ಕೀಟ ಹಿಡಿಯಿರಿ, ರೋಗದ ಮರ ಕಿತ್ತು ಹಾಕಿ. ಸಾಲಾಗಿ ನೆಟ್ಟ ತೋಟದಲ್ಲಿ ಇದನ್ನು ಮಾಡಬಹುದು. ನೂರಾರು ಎಕರೆ ಕಾಫಿಯೊಳಗೆ ಚದುರಿ ನಿಂತ, ಎತ್ತರಕ್ಕೆ ಬೆಳೆದ ಮರಗಳ ಚಿಗುರನ್ನು ಯಾರು ಹತ್ತಿ ನೋಡುತ್ತಾರೆ? ಕಾಫಿ ಕೆಲಸಕ್ಕೇ ಆಳು ಸಿಗುವುದಿಲ್ಲ.

ನನ್ನ ಲೆಕ್ಕದಲ್ಲಿ ಕಥೆ ತಿರುಗಿದ್ದು ಇಲ್ಲೇ. ಕಿತ್ತಳೆ ಆ ತೋಟಕ್ಕೆ ನೆಂಟ, ಮನೆಯವನಲ್ಲ. 1990ರ ದಶಕದಲ್ಲಿ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಗೇ ಕೊಡಬೇಕೆಂಬ ಕಟ್ಟು ಸಡಿಲವಾಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಬೆಲೆ ಜಗತ್ತಿನಾದ್ಯಂತ ಏರಿತು. ಬೆಳೆಗಾರರ ಕೈಯಲ್ಲಿ ದುಡ್ಡು ಓಡಾಡಿತು. ಸತ್ತ ಕಿತ್ತಳೆಯ ಜಾಗಕ್ಕೆ ಮತ್ತೆ ಕಿತ್ತಳೆ ನೆಟ್ಟು ಏಳೆಂಟು ವರ್ಷ ಕಾಯುವುದೋ, ಸಿಲ್ವರ್ ಓಕ್ ನೆಟ್ಟು ಕಾಳುಮೆಣಸಿನ ಬಳ್ಳಿ ಹಬ್ಬಿಸುವುದೋ? ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮಾಡಿಸುವಾಗ ಸೊರಗಿದ ಕಿತ್ತಳೆಯನ್ನೂ ಕಡಿಸಿದರೆ ಯಾರೂ ತಪ್ಪು ಹೇಳುವ ಹಾಗಿರಲಿಲ್ಲ.

ಕಿತ್ತಳೆಯನ್ನೇ ನಂಬಿದವರ ಪಾಡು ಬೇರೆ. ಅಮೆರಿಕದ ಫ್ಲಾರಿಡಾಕ್ಕೆ ಗ್ರೀನಿಂಗ್ ಕಾಲಿಟ್ಟದ್ದು ಗೊತ್ತಾದದ್ದು 2005ರಲ್ಲಿ. ಅದಕ್ಕೂ ಮುಂಚೆ, 2003-04ರಲ್ಲಿ ಅಲ್ಲಿ 24 ಕೋಟಿ ಪೆಟ್ಟಿಗೆ ಆರೆಂಜ್ ಬೆಳೆದಿದ್ದರು. ಇಪ್ಪತ್ತು ವರ್ಷದಲ್ಲಿ ಅದು 2 ಕೋಟಿಗೂ ಕೆಳಗೆ ಇಳಿಯಿತು. ದುಡ್ಡು, ಯಂತ್ರ, ವಿಜ್ಞಾನಿಗಳು ಎಲ್ಲ ಇದ್ದೂ ಹೀಗೆ. ಆದರೂ ಅವರು ಹೋರಾಡುತ್ತಿದ್ದಾರೆ, ಯಾಕೆಂದರೆ ಅವರಿಗೆ ಅದೇ ಮುಖ್ಯ ಬೆಳೆ.

ಕೊಡಗಿನ ಕಿತ್ತಳೆಗೆ 2005-06ರಲ್ಲಿ ಜಿಐ ಟ್ಯಾಗ್, ಅಂದರೆ ಈ ಹೆಸರು ಈ ನೆಲದ ಹಣ್ಣಿಗಷ್ಟೇ ಎಂಬ ಮಾನ್ಯತೆ, ಸಿಕ್ಕಿತು. ಹೆಸರಿಗೆ ರಕ್ಷಣೆ ಬರುವ ಹೊತ್ತಿಗೆ ಹಣ್ಣೇ ಕಡಿಮೆಯಾಗಿತ್ತು.

ಈಗ ನೆಡುವವರಿಗೆ ಎರಡು ಮಾತು. ತಳಿ ಯಾವುದು ಅನ್ನುವುದಕ್ಕಿಂತ ಸಸಿ ಎಲ್ಲಿಯದು ಅಂತ ಮೊದಲು ಕೇಳಿ. ಕಸಿ ಕಡ್ಡಿಯಲ್ಲೇ ರೋಗ ಬರುತ್ತದೆ, ಸಸಿ ಮಾತ್ರ ನೋಡಲು ಹಚ್ಚಹಸಿರು. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಸಸಿ ಬೇಡ, ಚೆಟ್ಟಳ್ಳಿಯಂಥ ಕಡೆಯಿಂದಲೇ ತನ್ನಿ. ಕಸಿ ಗಿಡವಾದರೆ ಕೆಳಗಿನ ಬೇರು ಗಿಡ ಯಾವುದೆಂದೂ ವಿಚಾರಿಸಿ. ಕೊಡಗಿನ ಕಿತ್ತಳೆಗೆ ರಂಗಪುರ ನಿಂಬೆಯ ಬೇರು ಹೊಂದುತ್ತದೆ, ನಾಲ್ಕೈದು ವರ್ಷಕ್ಕೆ ಕಾಯಿ ಬಿಡುತ್ತದೆ. ಕಾಫಿಯೊಳಗೆ ಚದುರಿಸಬೇಡಿ. ನೀರು ನಿಲ್ಲದ ಕಡೆ ಬೇರೆಯೇ ಒಂದು ತುಂಡು ಜಾಗ ಕೊಡಿ.

ಹಿತ್ತಲಲ್ಲಿ ಒಂದೇ ಗಿಡ ಸಾಕು ಅನ್ನುವವರು ಅಕ್ಕಪಕ್ಕ ಒಮ್ಮೆ ಕಣ್ಣು ಹಾಯಿಸಿ. ಕರಿಬೇವು ಕೂಡ ಕಿತ್ತಳೆಯ ದೂರದ ನೆಂಟನೇ. ಅದರ ಚಿಗುರಿನಲ್ಲೂ ಸಿಲ್ಲಾ ಮೊಟ್ಟೆ ಇಡುತ್ತದೆ. ಹಾಗಂತ ಕರಿಬೇವು ಕೀಳಲಾಗುತ್ತದೆಯೇ? ಎರಡನ್ನೂ ಆದಷ್ಟು ದೂರ ನೆಡಿ. ಒಗ್ಗರಣೆಗೆ ಸೊಪ್ಪು ಕೀಳುವಾಗ ಎಳೆ ಚಿಗುರನ್ನು ಮಗುಚಿ ನೋಡಿ, ಬಿಳಿ ಮೇಣದ ಎಳೆ ಅಂಟಿದ್ದರೆ ಅದು ಸಿಲ್ಲಾ ಮರಿಗಳದ್ದಿರಬಹುದು.