ಮೊದಲ ಮತ ಯಾವ ಪೆಟ್ಟಿಗೆಗೆ?

ಶಿರಸಿ, ಕುಮಟಾ, ಕಾರವಾರದ ಕಾಲೇಜುಗಳ ಚರ್ಚಾಸ್ಪರ್ಧೆಯಲ್ಲಿ ‘ಪ್ರಜಾಪ್ರಭುತ್ವ ಮತ್ತು ಜನಾಂಗೀಯ ಸಂಘರ್ಷ’ ಎಂಬ ವಿಷಯ ಬಂದರೆ ಹೆಚ್ಚಿನ ಮಕ್ಕಳು ಒಂದೇ ವಾಕ್ಯದಿಂದ ಶುರು ಮಾಡುತ್ತಾರೆ: ‘ಶತಮಾನಗಳ ದ್ವೇಷ ಭುಗಿಲೆದ್ದಿತು.’ ಪದವಿ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲೂ ಅದೇ ಮಾತು. ಜಾಣ ಮಕ್ಕಳು, ಓದಿಕೊಂಡೇ ಬಂದಿರುತ್ತಾರೆ. ಆದರೆ ಯಾವ ದೇಶದ ಹೆಸರು ಹಾಕಿದರೂ ಹೊಂದುವ ವಾಕ್ಯ ಯಾವ ದೇಶವನ್ನೂ ವಿವರಿಸುವುದಿಲ್ಲ. ದ್ವೇಷ ಅಷ್ಟು ಹಳೆಯದಾದರೆ ಯೂರೋಪಿನಲ್ಲಿ ಆರು ಗಣರಾಜ್ಯಗಳ ಒಕ್ಕೂಟವಾಗಿದ್ದ ಯುಗೊಸ್ಲಾವಿಯದಲ್ಲಿ 1981ರಲ್ಲೇಕೆ ಯುದ್ಧ ಆಗಲಿಲ್ಲ, 1991ರಲ್ಲೇ ಏಕೆ ಆಯಿತು?

ಮೊದಲು ಕೇಳಬೇಕಾದದ್ದು ಇಷ್ಟು: ಹಳೆಯ ಆಳ್ವಿಕೆ ಸಡಿಲಾದ ಮೇಲೆ ನಡೆದ ಮೊದಲ ಮುಕ್ತ ಚುನಾವಣೆ ಇಡೀ ದೇಶದ್ದೋ, ಬಿಡಿ ಪ್ರಾಂತ್ಯಗಳದ್ದೋ?

ಯುಗೊಸ್ಲಾವಿಯದ ತಾರೀಖುಗಳನ್ನು ಒಂದು ಹಾಳೆಯ ಮೇಲೆ ಸಾಲಾಗಿ ಬರೆದು ನೋಡಿ. 1990ರ ಏಪ್ರಿಲ್‌ನಲ್ಲಿ ಸ್ಲೊವೇನಿಯ, ಏಪ್ರಿಲ್-ಮೇ ತಿಂಗಳಲ್ಲಿ ಕ್ರೊವೇಷ್ಯ, ನವೆಂಬರಿನಲ್ಲಿ ಬೋಸ್ನಿಯ ಮತ್ತು ಮೆಸಿಡೋನಿಯ, ಡಿಸೆಂಬರಿನಲ್ಲಿ ಸರ್ಬಿಯ ಮತ್ತು ಮಾಂಟೆನಿಗ್ರೊ. ಇಡೀ ಒಕ್ಕೂಟಕ್ಕೆ ಬಹುಪಕ್ಷ ಚುನಾವಣೆ ನಡೆಯಲೇ ಇಲ್ಲ. ಒಕ್ಕೂಟದ ಪ್ರಧಾನಿ ಆಂಟೆ ಮಾರ್ಕೊವಿಚ್ ಹಣದುಬ್ಬರಕ್ಕೆ ಲಗಾಮು ಹಾಕಿ ಜನರ ಮೆಚ್ಚುಗೆ ಗಳಿಸಿದ್ದರು. ಆದರೆ ಅವರು ಪಕ್ಷ ಕಟ್ಟಲು ಹೊರಟಿದ್ದು ಜುಲೈನಲ್ಲಿ. ಅಷ್ಟರಲ್ಲಿ ಎರಡು ಗಣರಾಜ್ಯಗಳ ಮತದಾನ ಮುಗಿದಿತ್ತು.

ಕ್ರಮ ತಪ್ಪಿದರೆ ಏನಾಗುತ್ತದೆ? ದೇಶದ ಉದ್ದಗಲಕ್ಕೂ ಮತ ಕೇಳಬೇಕಾದ ಪಕ್ಷ ಒಂದೂರಲ್ಲಿ ಬೈದವರನ್ನೇ ಮತ್ತೊಂದೂರಲ್ಲಿ ಓಲೈಸಬೇಕಾಗುತ್ತದೆ, ಹಾಗಾಗಿ ನಾಲಿಗೆ ಬಿಗಿಹಿಡಿಯುತ್ತದೆ. ಒಂದೇ ಪ್ರಾಂತ್ಯದಲ್ಲಿ ನಿಂತ ಪಕ್ಷಕ್ಕೆ ಆ ಹಂಗಿಲ್ಲ. ಹೊರಗಿನವರನ್ನು ಬೈದರೆ ಅದು ಕಳೆದುಕೊಳ್ಳುವ ಮತ ಕಡಿಮೆ. ಮತದಾರನ ಲೆಕ್ಕವೂ ಬದಲಾಗುತ್ತದೆ. ಬೋಸ್ನಿಯದ ಸಾಮಾನ್ಯ ಮನುಷ್ಯನಿಗೆ ನೆರೆಯವನ ಮೇಲೆ ಹಗೆ ಇರಬೇಕೆಂದೇನೂ ಇರಲಿಲ್ಲ. ‘ಅವರೆಲ್ಲ ಒಟ್ಟಾಗಿ ಮತ ಹಾಕಿ ನಾವು ಚದುರಿಹೋದರೆ ನಾಳೆ ಪೊಲೀಸ್ ಠಾಣೆ ಯಾರ ಕೈಗೆ?’ ಎಂಬ ಅಂಜಿಕೆ ಇದ್ದರೆ ಸಾಕಿತ್ತು. ಅಲ್ಲಿಯ 240 ಸ್ಥಾನಗಳಲ್ಲಿ 202 ಮುಸ್ಲಿಂ, ಸರ್ಬ್, ಕ್ರೊವೇಟ್ ಎಂಬ ಮೂರು ಜನಾಂಗೀಯ ಪಕ್ಷಗಳಿಗೆ ಹೋದವು. ಫಲಿತಾಂಶ ಜನಗಣತಿಯ ಪಟ್ಟಿಯಂತೆ ಬಂತು. ದಯವಿಟ್ಟು ಗಮನಿಸಿ, ಈ ಅಂಜಿಕೆಗೆ ಶತಮಾನ ಬೇಕಿಲ್ಲ, ಒಂದು ಚುನಾವಣಾ ವೇಳಾಪಟ್ಟಿ ಸಾಕು.

ಸ್ಪೇನಿನಲ್ಲಿ ಕ್ರಮ ತಿರುಗುಮುರುಗಾಗಿತ್ತು. ಸರ್ವಾಧಿಕಾರಿ ಫ್ರಾಂಕೊ ತೀರಿಕೊಂಡದ್ದು 1975ರಲ್ಲಿ. 1977ರ ಜೂನ್‌ನಲ್ಲಿ ಇಡೀ ದೇಶಕ್ಕೆ ಚುನಾವಣೆ, 1978ರ ಡಿಸೆಂಬರಿನಲ್ಲಿ ಸಂವಿಧಾನಕ್ಕೆ ಜನಮತ, 1979ರಲ್ಲಿ ತಮ್ಮದೇ ಭಾಷೆಯ ಬಾಸ್ಕ್ ಮತ್ತು ಕ್ಯಾಟಲೋನಿಯ ಪ್ರಾಂತ್ಯಗಳಿಗೆ ಸ್ವಾಯತ್ತತೆ, 1980ರಲ್ಲಿ ಅಲ್ಲಿ ಪ್ರಾಂತೀಯ ಚುನಾವಣೆ. ಇದನ್ನು ಮಂತ್ರ ಅಂದುಕೊಳ್ಳಬೇಡಿ. ಬಾಸ್ಕ್ ಉಗ್ರರ ಕೊಲೆಗಳು ವಿಪರೀತ ಏರಿದ್ದೂ ಅದೇ ವರ್ಷಗಳಲ್ಲಿ. ಇತ್ತ ಯುಗೊಸ್ಲಾವಿಯದಲ್ಲೂ ಸರ್ಬಿಯದೊಳಗಿನ ಕೊಸೊವೊ ಪ್ರಾಂತ್ಯದ ಸ್ವಾಯತ್ತತೆಯನ್ನು 1989ರಲ್ಲೇ ಮೊಟಕುಗೊಳಿಸಿಯಾಗಿತ್ತು, ಸಾಲದ ಹೊರೆಯೂ ಇತ್ತು. ಚುನಾವಣೆಯ ಕ್ರಮ ಒಂದು ಕಾರಣ. ತೂಕದ ಕಾರಣ, ಏಕೈಕ ಕಾರಣವಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನೇ ನೋಡಿ. 1951-52ರ ಮೊದಲ ಮಹಾಚುನಾವಣೆಯಲ್ಲಿ ಕಾರವಾರ, ಶಿರಸಿಯವರು ಮತ ಹಾಕಿದ್ದು ಮುಂಬಯಿ ರಾಜ್ಯದಲ್ಲಿ. ಭಾಷಾವಾರು ರಾಜ್ಯಗಳ ಪುನರ್ವಿಂಗಡಣೆ ಆಗಿದ್ದು 1956ರ ನವೆಂಬರ್ 1ಕ್ಕೆ, ಅಂದರೆ ದೇಶದ ಸಂಸತ್ತು ಜನರಿಂದ ಆರಿಸಿ ಬಂದ ಮೇಲೆ. 1952ರಲ್ಲಿ ಇಲ್ಲಿಂದ ಲೋಕಸಭೆಗೆ ಹೋದ ಜೋಕಿಂ ಆಳ್ವರನ್ನೇ 1957ರಲ್ಲಿ, ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ, ಜನ ಮತ್ತೆ ಆರಿಸಿದರು. ಆಮೇಲೆ ಕಾರವಾರ, ಸೂಪಾ, ಹಳಿಯಾಳಕ್ಕಾಗಿ ಮಹಾರಾಷ್ಟ್ರ, ಮೈಸೂರು ರಾಜ್ಯಗಳ ನಡುವೆ ಜಗ್ಗಾಟ ನಡೆಯಿತು, ಗಡಿ ತಕರಾರು ವಿಚಾರಿಸಲು ಮಹಾಜನ ಆಯೋಗ ಬಂತು. ಕಾವು ಇರಲಿಲ್ಲ ಎಂದಲ್ಲ. ಆದರೆ ಜಗಳಕ್ಕೆ ಎರಡೂ ಕಡೆಯವರು ಒಪ್ಪಿದ ಒಂದು ಪಂಚಾಯಿತಿಕಟ್ಟೆ ಮೊದಲೇ ಸಿದ್ಧವಿತ್ತು.

ಎರಡನೆಯ ಪ್ರಶ್ನೆ, ಮತ ಎಣಿಸುವ ನಿಯಮ. ಮುಂಡಗೋಡದ ಟಿಬೆಟಿಯನ್ನರು ತಮ್ಮ ದೇಶಭ್ರಷ್ಟ ಸಂಸತ್ತಿಗೆ ಮತ ಹಾಕುವುದು ಮನೆತನದ ಮೂಲ ಪ್ರಾಂತ್ಯದ ಲೆಕ್ಕದಲ್ಲಿ. ಮೂರು ಪ್ರಾಂತ್ಯಗಳಿಗೆ ತಲಾ 10 ಸ್ಥಾನ. ಮುಂಡಗೋಡದಲ್ಲೇ ಹುಟ್ಟಿ, ಟಿಬೆಟಿನ ಖಾಮ್ ಪ್ರಾಂತ್ಯವನ್ನು ಕಣ್ಣಾರೆ ಕಾಣದ ಹುಡುಗಿಯೂ ಖಾಮ್‌ನ ಮತದಾರಳು. ಯಾವ ಗುರುತಿಗೆ ಸ್ಥಾನ ಮೀಸಲಿಡುತ್ತೀರೋ ಆ ಗುರುತು ಉಳಿದು ಬೆಳೆಯುತ್ತದೆ. ಅದು ತಪ್ಪೆಂದು ನಾನು ಹೇಳುತ್ತಿಲ್ಲ, ಪರಿಣಾಮ ತಿಳಿದು ಮಾಡಬೇಕು.

ನೈಜೀರಿಯ ಇದಕ್ಕೆ ವಿರುದ್ಧದ ದಾರಿ ಹಿಡಿಯಿತು. 1979ರಲ್ಲಿ ಅಧ್ಯಕ್ಷನಾಗಲು ಹೆಚ್ಚು ಮತ ಬಂದರಷ್ಟೇ ಸಾಲದು, ಮೂರನೇ ಎರಡರಷ್ಟು ರಾಜ್ಯಗಳಲ್ಲಿ ತಲಾ 25 ಶೇಕಡಾ ಮತ ಬೇಕು ಎಂದಿತು. ಒಂದೇ ಜನಾಂಗದ ಬಲದಿಂದ ಗೆಲ್ಲಲಾಗದು ಎಂಬ ಒಳ್ಳೆಯ ಉಪಾಯ. ತೊಡಕಾಗಿದ್ದು ಭಿನ್ನರಾಶಿಯಲ್ಲಿ. ಇದ್ದದ್ದು 19 ರಾಜ್ಯ. ಮೂರನೇ ಎರಡು ಎಂದರೆ ಹನ್ನೆರಡೂ ಮುಕ್ಕಾಲಿಗೆ ತುಸು ಕಡಿಮೆ. ಅಭ್ಯರ್ಥಿ ಶೆಹು ಶಗಾರಿಗೆ 12 ರಾಜ್ಯಗಳಲ್ಲಿ ಬೇಕಾದಷ್ಟು ಮತ ಸಿಕ್ಕಿತು, ಹದಿಮೂರನೆಯದಾದ ಕಾನೋದಲ್ಲಿ 20 ಶೇಕಡಾಕ್ಕೂ ಚೂರು ಕಡಿಮೆ. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ ಅವರ ಪರ ತೀರ್ಪು ಬಂತು, ಅನುಮಾನ ಮಾತ್ರ ಉಳಿಯಿತು. ಕೆನ್ಯ 2010ರ ಸಂವಿಧಾನದಲ್ಲಿ ಇಂಥದ್ದೇ ನಿಯಮ ಬರೆಯುವಾಗ ‘ಅರ್ಧಕ್ಕಿಂತ ಹೆಚ್ಚು’ ಕೌಂಟಿಗಳು ಎಂದಿತು. ಕೌಂಟಿಗಳು 47, ಆದ್ದರಿಂದ 24 ಬೇಕು. ಅದರಲ್ಲಿ ವಾದಕ್ಕೆ ಎಡೆಯಿಲ್ಲ.